ಸುಣ್ಣದ ಕೆಳಗಿನ ಅಕ್ಷರಗಳು

2009ರ ಲೋಕಸಭಾ ಚುನಾವಣೆಗೆ ಮೊದಲು ನಾನು ಕೋಲ್ಕತ್ತಕ್ಕೆ ಹೋದದ್ದು ಗೋಡೆಬರಹಗಳಲ್ಲಿ ರಾಜಕೀಯ ಪ್ರತಿರೋಧವನ್ನು ಹುಡುಕುವುದಕ್ಕೆ. ಅದು ನನ್ನ ಪಿಎಚ್‌ಡಿಯ ಎರಡನೆಯ ವರ್ಷ. 1967ರ ನಕ್ಸಲ್‌ಬಾರಿಯ ರೈತ ದಂಗೆಯ ನಂತರ ಮಾವೋ ಮುಖದ ಅಚ್ಚನ್ನೂ ‘ಚೀನಾದ ಅಧ್ಯಕ್ಷರೇ ನಮ್ಮ ಅಧ್ಯಕ್ಷರು’ ಎಂಬ ಘೋಷಣೆಯನ್ನೂ ಹೊತ್ತಿದ್ದ ಊರು ಅದು; ಅಂಥ ಗೋಡೆಗಳ ಮೇಲೆ ಅಧಿಕಾರಕ್ಕೆ ಎದುರಾದ ದನಿಯಷ್ಟೇ ಇರುತ್ತದೆಂದು ನಾನು ಓದಿನ ಬಲದಿಂದ ನಂಬಿಕೊಂಡಿದ್ದೆ.

ಅಲ್ಲಿಗೆ ಹೋದ ಒಂದು ವಾರದೊಳಗೇ ಆ ನಂಬಿಕೆ ಅಲುಗಿತು. ಅಲ್ಲಿನ ಗೋಡೆಗಳು ಚುನಾವಣೆಗೆ ತಿಂಗಳುಗಟ್ಟಲೆ ಮೊದಲೇ ಹಂಚಿಹೋಗಿರುತ್ತವೆ. ಪಕ್ಷದ ಹುಡುಗರು ಸುಣ್ಣ ಬಳಿದು, ಮೂಲೆಯಲ್ಲಿ ಪಕ್ಷದ ಹೆಸರನ್ನೂ ಇಸವಿಯನ್ನೂ ಬರೆದು, ಬಸ್ಸಿನ ಸೀಟಿಗೆ ಟವೆಲ್ ಹಾಕಿದಂತೆ ಗೋಡೆಯನ್ನು ಹಿಡಿದಿಡುತ್ತಾರೆ. ಆಗ ಮೂರು ದಶಕಗಳಿಂದ ಆಳುತ್ತಿದ್ದ ಎಡರಂಗದ ‘ಕೃಷಿ ನಮ್ಮ ಬುನಾದಿ, ಕೈಗಾರಿಕೆ ನಮ್ಮ ಭವಿಷ್ಯ’ ಎಂಬ ಮಾತು, ಸಿಂಗೂರು ಮತ್ತು ನಂದಿಗ್ರಾಮದ ಭೂಹೋರಾಟಗಳ ಕಾಲದ ವಿರೋಧ ಪಕ್ಷ ತೃಣಮೂಲ ಕಾಂಗ್ರೆಸ್ಸಿನ ‘ಮಾ, ಮಾಟಿ, ಮಾನುಷ್’ (ತಾಯಿ, ಮಣ್ಣು, ಮನುಷ್ಯ) ಎಂಬ ಮಾತು, ಎರಡೂ ಒಂದೇ ಬೀದಿಯ ಎದುರುಬದುರು ಗೋಡೆಗಳಲ್ಲಿದ್ದವು. ಇವುಗಳಲ್ಲಿ ಪ್ರತಿರೋಧ ಯಾವುದು, ಪ್ರಚಾರ ಯಾವುದು ಎಂದು ಮಾರ್ಗದರ್ಶಕರು ಪತ್ರ ಬರೆದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರದ ತುದಿ ಸಿಕ್ಕಿದ್ದು ದಾವಣಗೆರೆಯಲ್ಲಿ. ನನ್ನ ಚಿಕ್ಕಪ್ಪ ಅಲ್ಲಿ ಅಂಗಡಿಗಳ ಬೋರ್ಡ್ ಬರೆಯುತ್ತಿದ್ದವರು. ಫ್ಲೆಕ್ಸ್ ಬಂದ ಮೇಲೆ ಕುಂಚ ಕೆಳಗಿಟ್ಟಿದ್ದರು. ರಜೆಗೆ ಹೋದಾಗ ಕೋಲ್ಕತ್ತದ ಫೋಟೋಗಳನ್ನು ಅವರ ಮುಂದೆ ಹರಡಿದೆ. ಬಂಗಾಳಿಯ ಒಂದಕ್ಷರವೂ ಅವರಿಗೆ ಬಾರದು. ಆದರೂ ಒಂದು ಫೋಟೋವನ್ನು ಬೆಳಕಿಗೆ ಹಿಡಿದು, “ಇದನ್ನ ಒಬ್ಬನೇ ಬರೆದಿಲ್ಲ ಕಣೋ. ಔಟ್‌ಲೈನ್ ಎಳೆದ ಕೈ ಬೇರೆ, ಬಣ್ಣ ತುಂಬಿದ ಕೈ ಬೇರೆ” ಎಂದರು. ಮತ್ತೆ ಎರಡು ಫೋಟೋಗಳನ್ನು ಆರಿಸಿ ಪಕ್ಕಪಕ್ಕ ಇಟ್ಟು, “ಈ ಎರಡೂ ಒಬ್ಬನದೇ ಕೈ, ಬಾಗು ನೋಡು” ಎಂದರು. ಅವೆರಡು ಪರಸ್ಪರ ವಿರೋಧಿ ಪಕ್ಷಗಳ ಗೋಡೆಗಳಾಗಿದ್ದವು.

ಮುಂದಿನ ಸಲ ಹೋದಾಗ ಆ ಕೈಯವರನ್ನು ಹುಡುಕಿ ಕಂಡೆ. ಔಟ್‌ಲೈನ್‌ಗೆ ಕೂಲಿ, ಬಣ್ಣ ತುಂಬುವುದು ಕಾರ್ಯಕರ್ತರ ಸೇವೆ ಎಂದು ಅವರು ವಿವರಿಸಿದರು. ಯಾರಿಗೆ ಮತ ಹಾಕುತ್ತೀರಿ ಎಂಬ ನನ್ನ ಪೆದ್ದು ಪ್ರಶ್ನೆಗೆ ನಕ್ಕು ಚಹಾ ತರಿಸಿದರು. ಅಂದಿನಿಂದ ನನ್ನ ಟಿಪ್ಪಣಿ ಪುಸ್ತಕದ ಮನೆಗಳು ಬದಲಾದವು. ಏನು ಬರೆದಿದೆ ಎಂಬುದರ ಜೊತೆಗೆ ಯಾರು ಬರೆದರು, ಕೂಲಿ ಕೊಟ್ಟವರು ಯಾರು, ಗೋಡೆ ಯಾರದು, ಮೊದಲು ಅಲ್ಲಿ ಏನಿತ್ತು, ಅಳಿಸಿದ್ದು ಯಾವಾಗ ಎಂಬುವನ್ನೂ ದಾಖಲಿಸತೊಡಗಿದೆ. ಆಯ್ದ ನಲವತ್ತು ಗೋಡೆಗಳನ್ನು ಅದೇ ಜಾಗದಲ್ಲಿ ನಿಂತು, ಅದೇ ಅಳತೆಯಲ್ಲಿ, ಹದಿನೈದು ದಿನಕ್ಕೊಮ್ಮೆ ಚಿತ್ರಿಸಿಕೊಂಡೆ. ಬೇಸರದ ಕೆಲಸವೇ, ಆದರೆ ಒಂದೇ ಒಂದು ಸುಂದರ ಫೋಟೋ ಹೇಳದ ಸಂಗತಿಯನ್ನು ಇಪ್ಪತ್ತು ಸಪ್ಪೆ ಫೋಟೋಗಳು ಹೇಳುತ್ತವೆ. ಗೋಡೆಗಳ ವಿರೂಪವನ್ನು ತಡೆಯುವ ಪಶ್ಚಿಮ ಬಂಗಾಳದ 1976ರ ಕಾಯ್ದೆಯನ್ನು 2006ರ ವಿಧಾನಸಭಾ ಚುನಾವಣೆಯಲ್ಲಿ ಚುನಾವಣಾ ಆಯೋಗ ಬಿಗಿಯಾಗಿ ಜಾರಿಗೊಳಿಸಿದಾಗ ಊರು ಹೇಗೆ ಬೋಳಾಯಿತೆಂದು ಹಿರಿಯರು ಹೇಳುತ್ತಿದ್ದ ಮಾತಿನ ತೂಕ ನನಗೆ ಆಗ ತಿಳಿಯಿತು. 2011ರಲ್ಲಿ ಎಡರಂಗದ 34 ವರ್ಷಗಳ ಆಡಳಿತ ಕೊನೆಗೊಂಡ ತಿಂಗಳು ನನ್ನ ಗೋಡೆಗಳಲ್ಲಿ ಹಲವು ಕೈ ಬದಲಾಯಿಸಿದವು.

2011ರ ಈಜಿಪ್ಟ್ ಕ್ರಾಂತಿಯ ಗೋಡೆಚಿತ್ರಗಳಿಗೆ ಹೆಸರಾದ ಕೈರೋದ ಮೊಹಮ್ಮದ್ ಮಹಮೂದ್ ಬೀದಿಯನ್ನು ನಾನು ಕಂಡಿಲ್ಲ, ಅದರ ಬಗ್ಗೆ ಓದಿದ್ದೇನೆ. 2012ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಹುತಾತ್ಮರ ಚಿತ್ರಗಳಿಗೆ ಆಡಳಿತ ಬಣ್ಣ ಬಳಿಸಿದ ಕೂಡಲೇ ಕಲಾವಿದರು ಮರಳಿ ಬಂದು ಅದೇ ಗೋಡೆಯ ಮೇಲೆ ಮತ್ತೆ ಬರೆದರು. ನನ್ನ ಮಹಾಪ್ರಬಂಧದ ಕೊನೆಯ ಅಧ್ಯಾಯಕ್ಕೆ ಇದು ಆಧಾರವಾಯಿತು: ಪ್ರತಿರೋಧವನ್ನು ಚಿತ್ರದೊಳಗೆ ಹುಡುಕುವುದಕ್ಕಿಂತ, ಅಳಿಸುವವರಿಗೂ ಮತ್ತೆ ಬರೆಯುವವರಿಗೂ ನಡುವೆ ನಡೆಯುವ ಜಗ್ಗಾಟದಲ್ಲಿ ಹುಡುಕಬೇಕು ಎಂಬುದು ಅಲ್ಲಿನ ನನ್ನ ವಾದ.

ಅಧ್ಯಾಪಕನಾಗಿ ಬೆಂಗಳೂರಿಗೆ ಬಂದ ಮೇಲೆ ಆ ವಾದವನ್ನು ಇಲ್ಲಿ ಪರೀಕ್ಷಿಸುವುದು ಸುಲಭವಾಗಲಿಲ್ಲ. 2009ರಿಂದ ಪಾಲಿಕೆಯೇ ಸಿನಿಮಾ ಹೋರ್ಡಿಂಗ್ ಬರೆಯುತ್ತಿದ್ದವರನ್ನು ಕರೆಸಿ ಗೋಡೆಗಳ ಮೇಲೆ ಜೋಗ, ಹಂಪಿ, ಮೈಸೂರು ಅರಮನೆಗಳನ್ನು ಬರೆಸಿತ್ತು. ಪೋಸ್ಟರ್ ಅಂಟಿಸದಿರಲೆಂದು ಬರೆಸಿದ ಚಿತ್ರಗಳವು. ಫ್ಲೆಕ್ಸ್ ಕಿತ್ತುಕೊಂಡ ಅನ್ನವನ್ನು ಆ ಕಲಾವಿದರಿಗೆ ಕೊಂಚ ಮರಳಿಸಿದ್ದೂ ನಿಜ. ಅವುಗಳನ್ನು ಹಳಿದು ಬರೆದ ನನ್ನ ಮೊದಲ ಲೇಖನ ಈಗ ಓದಿದರೆ ಸಂಕೋಚವಾಗುತ್ತದೆ. ಕಲಾವಿದ ಬಾದಲ್ ನಂಜುಂಡಸ್ವಾಮಿಯವರು 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಫೈಬರ್ ಮೊಸಳೆ ಬಿಟ್ಟಾಗ ನನ್ನ ಪದ್ಧತಿಯೇ ಸಾಲದಾಯಿತು, ಏಕೆಂದರೆ ಅಲ್ಲಿ ಗೋಡೆಯೂ ಇಲ್ಲ, ಪಕ್ಷವೂ ಇಲ್ಲ. ಗುಂಡಿ ಮುಚ್ಚಿದ ದಿನವೇ ಕೃತಿಯ ಕೊನೆಯ ದಿನ.

ನನ್ನನ್ನು ಹೆಚ್ಚು ಕಾಡಿದ್ದು 2020ರ ಜನವರಿ. ಪೌರತ್ವ ತಿದ್ದುಪಡಿ ಕಾಯ್ದೆಯನ್ನು ವಿರೋಧಿಸಿ ಚರ್ಚ್ ಸ್ಟ್ರೀಟಿನ ಅಂಗಡಿ ಬಾಗಿಲು, ಗೋಡೆಗಳ ಮೇಲೆ ಬರಹಗಳು ಕಾಣಿಸಿಕೊಂಡು, ಪೊಲೀಸರು ಪ್ರಕರಣ ದಾಖಲಿಸಿದರು. ಅಲ್ಲಿಯವರೆಗೆ ದಾಖಲೆ ಎಂದು ನಾನು ಕರೆಯುತ್ತಿದ್ದ ಫೋಟೋ ಇನ್ನೊಬ್ಬರ ಮೇಲಿನ ಸಾಕ್ಷ್ಯವೂ ಆಗಬಲ್ಲದೆಂಬುದು ಮೊದಲೇ ಗೊತ್ತಿರಬೇಕಿತ್ತು. ನನ್ನ ಸಂಗ್ರಹದಲ್ಲಿ ಮುಖ, ಕೈಯ ಹಚ್ಚೆ, ವಾಹನದ ಸಂಖ್ಯೆ ಕಾಣುತ್ತಿದ್ದ ಚಿತ್ರಗಳನ್ನೆಲ್ಲ ಎರಡು ರಾತ್ರಿ ಕುಳಿತು ಅಳಿಸಿದೆ. ಉಳಿದವುಗಳಿಂದ ಸಮಯ ಮತ್ತು ಸ್ಥಳದ ಗುರುತು ತೆಗೆದೆ. ಅದೇ ದಿನಗಳಲ್ಲಿ ನನ್ನ ಹೊಸ ಯೋಜನೆಯನ್ನು ಪರಿಶೀಲಿಸಿದ ಸಮಿತಿಯೊಂದು, ಪ್ರತಿ ಕಲಾವಿದರ ಹೆಸರು ಮತ್ತು ಸಹಿಯುಳ್ಳ ಒಪ್ಪಿಗೆ ಪತ್ರ ಬೇಕೆಂದು ಹಠ ಹಿಡಿಯಿತು. ಹೆಸರು ಮರೆಸಿ ಬರೆಯುವವರ ಸಹಿಯನ್ನು ಕಡತದಲ್ಲಿ ಇಡುವುದು ಅವರ ರಕ್ಷಣೆ ಹೇಗಾದೀತು ಎಂದು ಮೂರು ಸಲ ಬರೆದ ಮೇಲೆ, ಮೌಖಿಕ ಒಪ್ಪಿಗೆ ಸಾಕೆಂದರು. ಅಷ್ಟರಲ್ಲಿ ಒಂದು ವರ್ಷ ಹೋಗಿತ್ತು.

ಈಗ ನಾನು ಮಾತನಾಡಿಸುತ್ತಿರುವುದು ಅಳಿಸುವವರನ್ನು. ಗುತ್ತಿಗೆದಾರರ ಕೈಕೆಳಗೆ ಚದರ ಅಡಿಯ ಲೆಕ್ಕದಲ್ಲಿ ಸುಣ್ಣ ಬಳಿಯುವ ಇವರ ಬಗ್ಗೆ ನಮ್ಮ ಕ್ಷೇತ್ರದಲ್ಲಿ ಯಾರೂ ಹೆಚ್ಚು ಬರೆದಂತಿಲ್ಲ. “ಏನ್ ಬರ್ದವ್ರೆ ಅಂತ ಓದಕ್ಕೆ ಹೋಗಲ್ಲ ಸಾರ್, ಬಣ್ಣ ಕಂಡಲ್ಲಿ ಬಳಿತೀವಿ” ಎಂದರು ಒಬ್ಬರು. ಕೆಂಪು ಬಣ್ಣ ಒಂದು ಕೋಟಿಗೆ ಮುಚ್ಚುವುದಿಲ್ಲವಂತೆ, ಎರಡನೆಯ ಕೋಟಿಗೆ ಗುತ್ತಿಗೆದಾರ ಕಾಸು ಕೊಡುವುದಿಲ್ಲವಂತೆ. ಹೀಗಾಗಿ ಮಳೆ ಬಿದ್ದ ವಾರ ಹಳೆಯ ಕೆಂಪು ಅಕ್ಷರಗಳು ಬಿಳಿಯ ಕೆಳಗಿನಿಂದ ಮಸುಕಾಗಿ ಮೂಡುತ್ತವೆ. ಟಿಪ್ಪಣಿ ಪುಸ್ತಕದಲ್ಲಿ ಎಷ್ಟು ಕೋಟು ಎಂಬ ಹೊಸ ಮನೆಯೊಂದನ್ನು ಎಳೆದುಕೊಂಡಿದ್ದೇನೆ. ಈ ಜೂನ್‌ನಿಂದ ಗೋಡೆಗಳ ಸುತ್ತು ಮಳೆಯ ಮರುದಿನಕ್ಕೆ.