ತಮ್ಮನ ಸಾವನ್ನು ಕಾದಂಬರಿಯಾಗಿ ಬರೆಯುವವರಿಗೆ

ನನ್ನ ಮೊದಲ ಕರಡಿನಲ್ಲಿ ತಮ್ಮ 3ನೆಯ ಪುಟದಲ್ಲೇ ತೀರಿಕೊಂಡಿದ್ದ. ಓದಿದ ಗೆಳತಿ ‘ಅಯ್ಯೋ ಪಾಪ’ ಎಂದು ಹಾಳೆಗಳನ್ನು ಹಿಂದಿರುಗಿಸಿದಳು. ಅಷ್ಟೇ. ಅವನನ್ನು ಕಂಡವಳು ನಾನು. ಅವಳಿಗೆ ಅವನ ಮುಖಪರಿಚಯವೂ ಆಗಿರಲಿಲ್ಲ. ಆದ್ದರಿಂದ ಸಾವಿಗೆ ಅವಸರ ಬೇಡ. ಮೊದಲು ಅವನು ನಿಮ್ಮ ಪೆನ್ಸಿಲ್ ಕದಿಯಲಿ, ಕೈ ಕಚ್ಚಲಿ, ಸುಳ್ಳು ಹೇಳಿ ನಿಮಗೆ ಏಟು ತಿನ್ನಿಸಲಿ. ಸತ್ತವರೆಲ್ಲ ಒಳ್ಳೆಯವರಾಗಿಬಿಡುವುದು ಸಂತಾಪ ಸೂಚನೆಯಲ್ಲಿ. ಕಾದಂಬರಿಗೆ ಅದು ಆಗಿಬರುವುದಿಲ್ಲ.

ಎಲ್ಲಿಂದ ಶುರು ಮಾಡುವುದೆಂದು ತೋಚದಿದ್ದರೆ ಆ ಮನೆಯ ನಕ್ಷೆ ಬರೆಯಿರಿ. ಯಾರು ಎಲ್ಲಿ ಮಲಗುತ್ತಿದ್ದರು, ಯಾವ ಬಾಗಿಲು ಕಿರುಗುಟ್ಟುತ್ತಿತ್ತು ಎಂದು ಗುರುತು ಹಾಕಿ. ಹೀಗೆ ಮಂಚ ಬರೆಯುವಾಗಲೇ ಅದರ ಕೆಳಗಿನ ಅವನ ಬೂಟುಗಳು ನನಗೆ ನೆನಪಾದದ್ದು. ಲೇಸಿಗೆ ಗಂಟಿನ ಮೇಲೆ ಗಂಟು ಬಿಗಿಯುತ್ತಿದ್ದ, ಬಿಚ್ಚಲು ಅವನಿಗೇ ಬರುತ್ತಿರಲಿಲ್ಲ. ಕಟ್ಟಿದ ಬೂಟಿನೊಳಗೇ ಹಿಮ್ಮಡಿ ತುರುಕಿ ತುರುಕಿ ಹಿಂಭಾಗ ಮಡಚಿ ಚಪ್ಪಟೆಯಾಗಿತ್ತು. ಅವನು ಹೋದ ಮೇಲೆ ಅಮ್ಮ ಬೂಟುಗಳನ್ನು ತೊಳೆದಳು, ಗಂಟು ಬಿಚ್ಚಲಿಲ್ಲ. ಇಷ್ಟು ಬರೆದು ನಿಲ್ಲಿಸಿದೆ. ಆ ಅಧ್ಯಾಯದಲ್ಲಿ ‘ದುಃಖ’ ಎಂಬ ಪದ 11 ಕಡೆ ಇತ್ತು. ಎಲ್ಲವನ್ನೂ ಹೊಡೆದು ಹಾಕಿದೆ.

ಕಷ್ಟವಾದದ್ದು ಬೇರೆ. ಆಗ ನನಗೆ 9 ವರ್ಷ. ಮನೆಮಂದಿಯೆಲ್ಲ ಅಳುತ್ತಿದ್ದಾಗ ನಾನು, ಕಿಟಕಿ ಪಕ್ಕದ ಹಾಸಿಗೆ ಇನ್ನು ನನಗೇ ಎಂದು ಲೆಕ್ಕ ಹಾಕುತ್ತಿದ್ದೆ. ಈ ಒಂದು ಸಾಲು ಬರೆಯಲು 4 ಕರಡುಗಳು ಬೇಕಾದವು. ಬರೆದ ಮೇಲೂ ಧೈರ್ಯ ಸಾಲದೆ ‘ಆಗ ನನಗೆ ಸಾವೆಂದರೇನೆಂದು ತಿಳಿದಿರಲಿಲ್ಲ’ ಎಂಬ ಸಮಜಾಯಿಷಿ ಅಂಟಿಸಿದ್ದೆ. ಅದು ನಡುವಯಸ್ಸಿನ ಹೆಂಗಸಿನ ದನಿ, ಹುಡುಗಿಯದಲ್ಲ. ಕಿತ್ತು ಹಾಕಿದೆ. ನಿಮ್ಮಲ್ಲೂ ಇಂಥದೊಂದು ಸಾಲು ಇರುತ್ತದೆ. ಅದನ್ನು ತಪ್ಪಿಸಿಕೊಂಡು ಬರೆದರೆ ಉಳಿದ ಪುಟಗಳೆಲ್ಲ ಶೋಕಗೀತೆಯಾಗುತ್ತವೆ.

ಮನೆಯವರನ್ನು ವಿಚಾರಿಸಿ, ಆದರೆ ಮೊದಲ ಕರಡು ಮುಗಿದ ಮೇಲೆ. ಮೊದಲೇ ಕೇಳಿದರೆ ಅವರ ನೆನಪು ನಿಮ್ಮದನ್ನು ನುಂಗುತ್ತದೆ. ನನ್ನ ಪ್ರಕಾರ ಬೂಟು ಕಪ್ಪು. ಹಸ್ತಪ್ರತಿ ಓದಿದ ಅಮ್ಮ ಹಾಸಿಗೆಯ ಸಾಲಿನ ಬಗ್ಗೆ ತುಟಿ ಬಿಚ್ಚಲಿಲ್ಲ. ಬೂಟಿನ ಪಕ್ಕ ಮಾತ್ರ ಪೆನ್ಸಿಲಿನಿಂದ ‘ಕಂದು’ ಎಂದು ಬರೆದಿದ್ದಳು. ನಾನು ತೀರ್ಪು ಕೊಡಲು ಹೋಗಲಿಲ್ಲ. ಕಾದಂಬರಿಯಲ್ಲಿ ತಾಯಿ, ಮಗಳು ಇಂದಿಗೂ ಆ ಬಣ್ಣಕ್ಕೆ ಜಗಳವಾಡುತ್ತಾರೆ.

ಹೆಸರನ್ನು ಕೊನೆಗೆ ಬದಲಿಸಿ. ಬೇರೆ ಹೆಸರಿಟ್ಟು ಬರೆದ ದಿನ ನನ್ನ ತಮ್ಮ ಕಚ್ಚುವುದನ್ನೇ ಬಿಟ್ಟಿದ್ದ. ಒಂದು ಎಚ್ಚರಿಕೆ: ಅವನದು ಎರಡಕ್ಷರದ ಹೆಸರು. ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಬದಲಿಸಲು ಹೋದೆ. ಹೊಸ ಹೆಸರು ಬೇರೆ ಪದಗಳ ಹೊಟ್ಟೆಯೊಳಗೂ ನುಗ್ಗಿ ಕುಳಿತಿತು. ಒಂದೊಂದನ್ನೇ ಹುಡುಕಿ ತೆಗೆಯಲು ಎರಡು ದಿನ ಹಿಡಿಯಿತು.