ಬೆನ್ನು ಎಷ್ಟು ಬಾಗುತ್ತದೆ: ಟೇಪು ಹಿಡಿದು ಅಳೆಯುವ ಬಗೆ

ಬಗ್ಗಿ ನೆಲ ಮುಟ್ಟಿದರೆ ಬೆನ್ನು ಚೆನ್ನಾಗಿದೆ ಅಂದುಕೊಳ್ಳುವವರೇ ಹೆಚ್ಚು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಉರಿಯೂತದಿಂದ ಬೆನ್ನುಮೂಳೆ ಬಿಗಿಯುತ್ತಾ ಬಂದು, ಕೆಲವರಲ್ಲಿ ಕೂಡಿಕೊಂಡೇ ಬಿಡುವ ರೋಗ) ಇರುವವರ ಬೆನ್ನು ಅಳೆಯುವುದು ಫಿಸಿಯೋಥೆರಪಿಸ್ಟ್ ಆದ ನನ್ನ ನಿತ್ಯದ ಕೆಲಸ. ಹೊಸದಾಗಿ ಕಲಿಯಲು ಬಂದವರ ತಲೆಯಿಂದ ನಾನು ಮೊದಲು ತೆಗೆಸುವುದು ಈ ನಂಬಿಕೆಯನ್ನೇ. ಒಬ್ಬ ತರುಣ ನನ್ನೆದುರು ಬಗ್ಗಿ ಅಂಗೈಯನ್ನೇ ನೆಲಕ್ಕೆ ಊರಿದ್ದ. ಆದರೆ ಅವನ ಸೊಂಟದ ಮೇಲೆ ಹಾಕಿದ್ದ ಎರಡು ಗೆರೆಗಳ ನಡುವಿನ ಅಂತರ ಹಿಗ್ಗಿದ್ದು 2 ಸೆಂ.ಮೀ.ಗೂ ಕಡಿಮೆ. ಬಗ್ಗಿದ್ದೆಲ್ಲ ತೊಡೆ ಮತ್ತು ಸೊಂಟ ಕೂಡುವ ಹಿಪ್ ಕೀಲು. ಬೆನ್ನು ಹಲಗೆಯಂತೆ ನೆಟ್ಟಗೇ ಇತ್ತು.

ಆ ಗೆರೆಗಳ ಪರೀಕ್ಷೆಗೆ ಶೋಬರ್ ಪರೀಕ್ಷೆ ಅನ್ನುತ್ತಾರೆ. ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಇದಕ್ಕೇ. ಬೆನ್ನಿನ ಮೇಲೆ ಬಟ್ಟೆ ಇರಬಾರದು, ರೋಗಿ ನೆಟ್ಟಗೆ ನಿಂತಿರಬೇಕು. ಸೊಂಟದ ಕೆಳಗೆ, ಬೆನ್ನುಮೂಳೆಯ ಎರಡೂ ಬದಿಗೆ ಸಣ್ಣ ಗುಳಿ ಕಾಣುತ್ತದೆ. ಕೆಲವರಲ್ಲಿ ಕಾಣುವುದಿಲ್ಲ, ಆಗ ಹೆಬ್ಬೆರಳಿನಿಂದ ಒತ್ತಿ ಅಲ್ಲಿನ ಮೂಳೆಯ ಉಬ್ಬನ್ನು ಹುಡುಕಬೇಕು. ಎರಡನ್ನೂ ಕೂಡಿಸುವ ಗೆರೆ ಬೆನ್ನುಮೂಳೆಯನ್ನು ದಾಟುವ ಕಡೆ ಪೆನ್ನಿನಿಂದ ಒಂದು ಗುರುತು, ಅಲ್ಲಿಂದ ನೇರ 10 ಸೆಂ.ಮೀ. ಮೇಲೆ ಇನ್ನೊಂದು. ಈಗ ಮಂಡಿ ಮಡಿಸದೆ ಆದಷ್ಟೂ ಬಗ್ಗಲು ಹೇಳಿ, ಬಗ್ಗಿದ ಸ್ಥಿತಿಯಲ್ಲೇ ಮತ್ತೆ ಅಳೆಯಿರಿ. 10 ಇದ್ದದ್ದು 13.2 ಆದರೆ ಬರೆಯಬೇಕಾದ್ದು 3.2. ಆರೋಗ್ಯವಂತ ಯುವಕರಲ್ಲಿ ಇದು 5ರ ಆಸುಪಾಸು ಇರುತ್ತದೆ, ವಯಸ್ಸಾದಂತೆ ಇಳಿಯುತ್ತದೆ. ಎರಡು ಸಲ ಮಾಡಿಸಿ, ಹೆಚ್ಚು ಬಂದದ್ದನ್ನು ಇಟ್ಟುಕೊಳ್ಳಿ. ಕೆಲವರು ಕೆಳಗಿನ ಗುರುತಿಗಿಂತ 5 ಸೆಂ.ಮೀ. ಕೆಳಗೂ ಒಂದು ಗೆರೆ ಹಾಕಿ 15ರಿಂದ ಶುರು ಮಾಡುತ್ತಾರೆ. ಎರಡೂ ಸರಿ, ಆದರೆ ಒಬ್ಬ ರೋಗಿಗೆ ಯಾವಾಗಲೂ ಒಂದೇ ಕ್ರಮ ಇರಲಿ. ಯಾವ ಕ್ರಮ ಎಂದು ಚೀಟಿಯಲ್ಲಿ ಬರೆಯದಿದ್ದರೆ ಮುಂದಿನ ಸಲ ಅಳೆಯುವವರಿಗೆ ಆ ಅಂಕಿಯಿಂದ ಏನೂ ಉಪಯೋಗವಿಲ್ಲ.

ಗೋಡೆಯ ಪರೀಕ್ಷೆ ಸುಲಭ. ಹಿಮ್ಮಡಿ, ಬೆನ್ನು ಎರಡನ್ನೂ ಗೋಡೆಗೆ ತಾಗಿಸಿ ನಿಲ್ಲಿಸಿ, ತಲೆಯ ಹಿಂಭಾಗವನ್ನು ಗೋಡೆಗೆ ಮುಟ್ಟಿಸಲು ಹೇಳಿ. ಮುಟ್ಟಿದರೆ ಸೊನ್ನೆ, ಮುಟ್ಟದಿದ್ದರೆ ನಡುವಿನ ಅಂತರ ಬರೆಯಿರಿ. ಹೇಗಾದರೂ ಮುಟ್ಟಿಸಲೇಬೇಕೆಂಬ ಹಟಕ್ಕೆ ಬಹಳ ಜನ ಗದ್ದ ಮೇಲೆತ್ತುತ್ತಾರೆ. ಪಕ್ಕದಲ್ಲಿ ನಿಂತು ನೋಡಿ, ಗದ್ದ ಎಂದಿನ ಮಟ್ಟಕ್ಕೆ ಇಳಿದ ಮೇಲೆಯೇ ಅಳೆಯಿರಿ.

ಪಕ್ಕಕ್ಕೆ ಬಾಗುವುದನ್ನೂ ಗೋಡೆಗೆ ಒರಗಿಸಿಯೇ ನೋಡಬೇಕು. ನಡುಬೆರಳಿನ ತುದಿಯಿಂದ ನೆಲಕ್ಕೆ ಎಷ್ಟಿದೆ ಎಂದು ನಿಂತಾಗ ಒಮ್ಮೆ, ಬಾಗಿದಾಗ ಒಮ್ಮೆ ಅಳೆದು ಕಳೆಯಿರಿ. ಹಿಮ್ಮಡಿ ಏಳಬಾರದು, ಮೈ ಮುಂದಕ್ಕೆ ವಾಲಬಾರದು. ಎಡ ಬಲ ಎರಡನ್ನೂ ಅಳೆದು ಸರಾಸರಿ ತೆಗೆಯಿರಿ. 10 ಸೆಂ.ಮೀ. ದಾಟಿದರೆ ಸಮಾಧಾನ, 5ಕ್ಕಿಂತ ಕಡಿಮೆಯಾದರೆ ಬಿಗಿತ ತೀವ್ರವಾಗಿದೆ.

ಕುತ್ತಿಗೆ ತಿರುಗುವುದನ್ನು ಕುರ್ಚಿಯಲ್ಲಿ ಕೂರಿಸಿ, ಕೋನ ಅಳೆಯುವ ಗೋನಿಯೋಮೀಟರ್‌ನಿಂದ ನೋಡುತ್ತೇವೆ. ಭುಜ ಜೊತೆಗೆ ತಿರುಗದಂತೆ ನೋಡಿಕೊಳ್ಳಿ. 70 ಡಿಗ್ರಿ ಮೀರಿದರೆ ಚೆನ್ನಾಗಿದೆ. ಎದೆ ಹಿಗ್ಗುವುದಕ್ಕೆ, ಕೈಗಳನ್ನು ತಲೆಯ ಮೇಲಿಡಿಸಿ ನಾಲ್ಕನೆಯ ಪಕ್ಕೆಲುಬಿನ ಸಂದಿಯ ಮಟ್ಟದಲ್ಲಿ ಟೇಪು ಸುತ್ತಿ, ಉಸಿರು ಪೂರ್ತಿ ಬಿಟ್ಟಾಗ ಮತ್ತು ಪೂರ್ತಿ ಎಳೆದಾಗ ಇರುವ ವ್ಯತ್ಯಾಸ ತೆಗೆಯಿರಿ. 2.5 ಸೆಂ.ಮೀ. ಅಥವಾ ಅದಕ್ಕಿಂತ ಕಡಿಮೆ ಬಂದರೆ ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಬ್ರಿಟನ್ನಿನ ಬಾತ್ ಊರಿನವರು 1994ರಲ್ಲಿ ಇಂಥ ಅಳತೆಗಳನ್ನು ಒಟ್ಟುಗೂಡಿಸಿ ಬಾಸ್ಮಿ ಎಂಬ ಸೂಚ್ಯಂಕ ಮಾಡಿದರು. ಅದರಲ್ಲಿರುವುದು ಐದು: ಕುತ್ತಿಗೆಯ ತಿರುವು, ಪಕ್ಕದ ಬಾಗು, ಶೋಬರ್, ಕಿವಿತೂತಿನ ಮುಂದಿನ ಪುಟ್ಟ ಉಬ್ಬಿನಿಂದ ಗೋಡೆಗಿರುವ ದೂರ, ಮತ್ತೆ ಕಾಲು ಅಗಲಿಸಿದಾಗ ಎರಡು ಕಣಕಾಲುಗಳ ಒಳಗಂಟಿನ ನಡುವಿನ ದೂರ. ಪ್ರತಿ ಅಳತೆಗೂ ಬಿಗಿತಕ್ಕೆ ತಕ್ಕಂತೆ ಅಂಕ ಕೊಡುತ್ತಾರೆ, ಆ ಅಂಕಗಳ ಮೊತ್ತ ಹೆಚ್ಚಾದಷ್ಟೂ ಬಿಗಿತ ಹೆಚ್ಚು. ಎದೆಯ ಅಳತೆ ಇದರಲ್ಲಿ ಸೇರಿಲ್ಲ, ಆದರೂ ನಾನು ಅದನ್ನು ಬಿಡುವುದಿಲ್ಲ.

ಈ ರೋಗದಲ್ಲಿ ಮಲಗಿದಷ್ಟೂ ಬಿಗಿ, ಓಡಾಡಿದಷ್ಟೂ ಸಡಿಲ. ಬೆಳಗ್ಗೆ ಎದ್ದಕೂಡಲೇ ಅಳೆದದ್ದನ್ನು ಇನ್ನೊಂದು ದಿನ ಸಂಜೆ ಅಳೆದದ್ದರ ಪಕ್ಕ ಇಟ್ಟರೆ, ಬೆನ್ನು ಸುಧಾರಿಸಿತೆಂದು ಸುಮ್ಮನೆ ಭ್ರಮೆ ಹುಟ್ಟುತ್ತದೆ. ಹಾಗಾಗಿ ಅಂಕಿಯ ಜೊತೆಗೆ ಹೊತ್ತು, ನೋವಿನ ಮಾತ್ರೆ ತೆಗೆದುಕೊಂಡಿದ್ದರೇ ಇಲ್ಲವೇ, ಅಳೆದವರು ಯಾರು, ಇಷ್ಟನ್ನೂ ಬರೆಯಿರಿ. ಬಟ್ಟೆ ಹೊಲಿಯುವವರ ಹಳೆಯ ಟೇಪು ಎಳೆದೆಳೆದು ಹಿಗ್ಗಿರುತ್ತದೆ, ಅದು ಬೇಡ.

ರೋಗಿ ಇತ್ತೀಚೆಗೆ ಬಿದ್ದಿದ್ದರೆ, ಬೆನ್ನಿಗೋ ಕುತ್ತಿಗೆಗೋ ಹೊಸದಾಗಿ ಜೋರು ನೋವು ಬಂದಿದ್ದರೆ, ಟೇಪನ್ನು ಮುಟ್ಟಲೇಬೇಡಿ. ಕೂಡಿಕೊಂಡ ಬೆನ್ನುಮೂಳೆ ಸಣ್ಣ ಪೆಟ್ಟಿಗೂ ಮುರಿಯಬಹುದು. ಬಗ್ಗಿಸದೆ, ತಿರುಗಿಸದೆ, ಅವರ ಕುತ್ತಿಗೆ ಎಂದಿನಿಂದ ಯಾವ ಭಂಗಿಯಲ್ಲಿದೆಯೋ ಅದೇ ಭಂಗಿಯಲ್ಲಿ ಆಸ್ಪತ್ರೆಗೆ ಸಾಗಿಸುವ ವ್ಯವಸ್ಥೆ ಮಾಡಿ. ಅವರಿಗೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇದೆಯೆಂದು ಅಲ್ಲಿನವರಿಗೆ ಮೊದಲೇ ಹೇಳಿ.