ನಾಯಿಗೆ ‘ಹಿಡಿ’ ಎಂದು ಹೇಳಬೇಡಿ

ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ, ಪೆರ್ಲ ಪೇಟೆಯಿಂದ ಒಳಕ್ಕೆ, ಕರ್ನಾಟಕದ ಗಡಿಗೆ ಕೂಗಳತೆಯಲ್ಲಿ ನನ್ನ ಮನೆ. ಒಂದು ಎಕರೆ ಅಡಿಕೆ, ತೋಡಿನ (ಸಣ್ಣ ಹಳ್ಳದ) ಬದಿಯಲ್ಲಿ ಒಂದು ತುಂಡು ಗದ್ದೆ ಇದೆ. ಅಷ್ಟರಿಂದ ಸಂಸಾರ ಸಾಗುವುದಿಲ್ಲವಾದ್ದರಿಂದ ಮಳೆಗಾಲದಲ್ಲಿ ಊರಿನ ತೋಟಗಳಿಗೆ ಮದ್ದು ಬಿಡಲು, ಆಮೇಲೆ ಕೊಯ್ಲಿಗೆ ಹೋಗುತ್ತೇನೆ. ಅಡಿಕೆ ಮರದ ತಲೆಯಲ್ಲಿ ಕುಳಿತು ನೋಡಿದರೆ ಎದುರಿನ ಗುಡ್ಡೆಯ ಮುಳಿಹುಲ್ಲಿನಲ್ಲಿ ಹಂದಿ ನಡೆದ ದಾರಿ ಬೈತಲೆ ತೆಗೆದ ಹಾಗೆ ಕಾಣುತ್ತದೆ. ಹತ್ತು ವರ್ಷಗಳ ಹಿಂದೆ ಅಂಥ ದಾರಿ ಒಂದೋ ಎರಡೋ ಇತ್ತು. ಈಗ ಪ್ರತಿ ತೋಟಕ್ಕೂ ಒಂದು ಇಳಿದು ಬರುತ್ತದೆ.

ನನ್ನಲ್ಲಿ ಬೊಳ್ಳಿ, ದಾಸು, ಕರಿಯ ಎಂದು ಮೂರು ನಾಯಿಗಳಿದ್ದವು, ಈಗ ಎರಡಿವೆ. ಕೋವಿಯ ಪರವಾನಗಿ ಇರುವವರು ಹಂದಿ ಹೊಡೆಯಲು ಬರುವಾಗ ನನ್ನನ್ನೂ ನಾಯಿಗಳನ್ನೂ ಕರೆಯುತ್ತಾರೆ. ‘ನಿಮ್ಮ ನಾಯಿಯ ಮರಿ ಕೊಡಿ’ ಎಂದು ಕೇಳುವವರು ಬಹಳ. ಮರಿ ಒಯ್ದರೆ ಸಾಲದು, ಅದಕ್ಕೆ ಏನು ಕಲಿಸಬೇಕು, ಏನು ಕಲಿಸಬಾರದು ಎಂಬುದೂ ಗೊತ್ತಿರಬೇಕು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು. ಕಾಡುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ. 2022ರ ತಿದ್ದುಪಡಿಯ ನಂತರ ಅದು ಎರಡನೇ ಅನುಸೂಚಿಯಲ್ಲಿದೆ. ಕೊಲ್ಲುವುದಷ್ಟೇ ಅಲ್ಲ, ಅಟ್ಟಿಸಿಕೊಂಡು ಹೋಗುವುದು, ಎಬ್ಬಿಸಿ ಓಡಿಸುವುದು, ಉರುಳು ಇಡುವುದು, ಅದಕ್ಕೆ ಪ್ರಯತ್ನಿಸುವುದು ಎಲ್ಲವೂ ಆ ಕಾಯ್ದೆಯ ಪ್ರಕಾರ ಬೇಟೆಯೇ. ಆದ್ದರಿಂದ ನಾಯಿ ಬಿಟ್ಟು ಗುಡ್ಡೆ ಹತ್ತಿಸಿ ‘ನಾನೇನೂ ಹೊಡೆಯಲಿಲ್ಲ’ ಎಂದರೆ ನಡೆಯುವುದಿಲ್ಲ. 2022ರ ಮೇ ತಿಂಗಳಲ್ಲಿ ಕೇರಳ ಸರಕಾರವು ಕೃಷಿಗೂ ಜೀವಕ್ಕೂ ಹಾನಿ ಮಾಡುವ ಹಂದಿಯನ್ನು ಕೊಲ್ಲಲು ಆದೇಶ ನೀಡುವ ಅಧಿಕಾರವನ್ನು ಗ್ರಾಮ ಪಂಚಾಯತ್ ಅಧ್ಯಕ್ಷರಿಗೆ ಕೊಟ್ಟಿತು. ಅರ್ಜಿ ಹಾಕಿ ಆ ಆದೇಶ ಕೈಗೆ ಬರಬೇಕು. ಹೊಡೆಯುವವರು ಒಪ್ಪಿಗೆ ಪಡೆದ ಕೋವಿದಾರರೇ ಆಗಿರಬೇಕು, ಅರಣ್ಯ ಇಲಾಖೆಗೆ ತಿಳಿಸಿರಬೇಕು. ಅರಣ್ಯದ ಒಳಗೆ ಆ ಆದೇಶ ನಡೆಯದು. ವಿಷ, ಸಿಡಿಮದ್ದು, ವಿದ್ಯುತ್ ತಂತಿ ಯಾವುದಕ್ಕೂ ಅವಕಾಶವಿಲ್ಲ. ಸತ್ತ ಹಂದಿಯನ್ನು ಹೂಳಬೇಕು, ಮಾಂಸ ಹಂಚಿಕೊಳ್ಳುವ ಹಾಗಿಲ್ಲ. ಇವಿಷ್ಟು ಸರಿಯಾದ ಮೇಲೆಯೇ ನಾನು ನಾಯಿಯ ಹಗ್ಗ ಬಿಚ್ಚುವುದು. ಉಳಿದ ದಿನಗಳಲ್ಲಿ ಅವು ತೋಟ ಕಾಯುತ್ತವೆ, ಬೇಲಿ ದಾಟುವುದಿಲ್ಲ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಹುಡುಗರು ಮೊಬೈಲಿನಲ್ಲಿ ಅಮೆರಿಕದ ವಿಡಿಯೋಗಳನ್ನು ನೋಡುತ್ತಾರೆ. ಟೆಕ್ಸಾಸಿನಲ್ಲಿ ಎರಡು ಬಗೆಯ ನಾಯಿಗಳನ್ನು ಒಯ್ಯುತ್ತಾರೆ: ಹಂದಿಯನ್ನು ಹುಡುಕಿ ಬೊಗಳಿ ತಡೆದು ನಿಲ್ಲಿಸುವವು ಒಂದು ಬಗೆ, ನುಗ್ಗಿ ಕಿವಿ ಕಚ್ಚಿ ಹಿಡಿಯುವ ದಪ್ಪ ದವಡೆಯವು ಇನ್ನೊಂದು. ಆ ನಾಯಿಗಳ ಎದೆಗೆ, ಕೊರಳಿಗೆ ಕೋರೆ ತಾಗದ ಕವಚ, ಕೊರಳಲ್ಲಿ ಎಲ್ಲಿದ್ದಾವೆಂದು ತೋರಿಸುವ ಯಂತ್ರ. ಅಲ್ಲಿಯ ಹಂದಿ ಅಲ್ಲಿನ ನೆಲದ್ದಲ್ಲ. 1539ರಲ್ಲಿ ಸ್ಪೇನಿನ ಹೆರ್ನಾಂಡೊ ಡಿ ಸೋಟೊ ಫ್ಲಾರಿಡಾಕ್ಕೆ ಹಡಗಿನಲ್ಲಿ ತಂದ ಹಂದಿಗಳು, ಆಮೇಲೆ ಸಾಕಿದವರ ಕೈತಪ್ಪಿದವು, ಯುರೋಪಿನಿಂದ ತರಿಸಿದ ಕಾಡುಹಂದಿಗಳು ಎಲ್ಲ ಬೆರೆತು ಹಬ್ಬಿದ ಸಂತಾನ ಅದು. 2019ರಿಂದ ಟೆಕ್ಸಾಸಿನ ಖಾಸಗಿ ಜಮೀನಿನಲ್ಲಿ ಹಂದಿ ಹೊಡೆಯಲು ಬೇಟೆಯ ಪರವಾನಗಿಯೂ ಬೇಡ, ಜಮೀನಿನವರು ಒಪ್ಪಿದರೆ ಸಾಕು. ನಮ್ಮ ಹಂದಿ ಈ ಗುಡ್ಡೆಗಳದ್ದೇ. ಅಲ್ಲಿಯ ಕಸುಬನ್ನು ಹಾಗೆಯೇ ಇಲ್ಲಿಗೆ ತಂದರೆ ಕಾನೂನು ಮುರಿಯುತ್ತದೆ, ಅದಕ್ಕಿಂತ ಮೊದಲು ನಾಯಿ ಸಾಯುತ್ತದೆ.

ನಾಯಿಯ ವಿಷಯಕ್ಕೆ ಬರುತ್ತೇನೆ. ಮುಧೋಳ ನಾಯಿ ಬೇಕೆಂದು ಹಲವರಿಗೆ ಆಸೆ. ಅದು ಕಣ್ಣಿನಿಂದ ಬೇಟೆಯಾಡುವ ನಾಯಿ, ಬಯಲು ಸೀಮೆಯ ಓಟಗಾರ. ನಮ್ಮ ಲಂಟಾನದ ಪೊದೆಯಲ್ಲಿ, ಅಡಿಕೆ ಸಾಲಿನಲ್ಲಿ ಅದರ ಓಟಕ್ಕೆ ಜಾಗವಿಲ್ಲ, ತೆಳು ಚರ್ಮ ಮುಳ್ಳಿಗೆ ಹರಿಯುತ್ತದೆ. ತಮಿಳುನಾಡಿನ ತೇನಿ ಕಡೆಯ ಕೊಂಬೈ ನಾಯಿ ಹಂದಿ ಬೇಟೆಗೇ ಹೆಸರಾದದ್ದು. ಧೈರ್ಯಕ್ಕೆ ಕೊರತೆಯಿಲ್ಲ, ಆದರೆ ನನಗೆ ಬೇಕಾದದ್ದಕ್ಕಿಂತ ಹೆಚ್ಚೇ ಧೈರ್ಯ. ನನ್ನವು ಊರ ನಾಯಿಗಳು. ಮರಿ ಆರಿಸುವಾಗ ನಾನು ಹೀಗೆ ಮಾಡುತ್ತೇನೆ: ತಾಯಿ ಕೂಳು ತಿನ್ನುತ್ತಿರುವಾಗ ಮರಿಗಳ ನಡುವೆ ಒಂದು ತಗಡಿನ ಡಬ್ಬ ಬೀಳಿಸುತ್ತೇನೆ. ಓಡಿ ಹೋಗಿ ಬಾರದ ಮರಿ ಬೇಡ. ಡಬ್ಬದ ಮೇಲೆ ಎರಗಿ ಕಚ್ಚುವ ಮರಿಯೂ ಬೇಡ. ಎರಡು ಹೆಜ್ಜೆ ಹಿಂದೆ ಸರಿದು, ಕಾಲು ಊರಿ ನಿಂತು, ಡಬ್ಬವನ್ನು ನೋಡಿ ಬೊಗಳುವ ಮರಿ ಬೇಕು. ಬೊಳ್ಳಿಯನ್ನು ನಾನು ಹಾಗೆ ಆರಿಸಿದ್ದು. ಈಗ ಅವಳಿಗೆ ಏಳು ವರ್ಷ, ಮೈಮೇಲೆ ಕೋರೆಯ ಒಂದು ಗೀರೂ ಇಲ್ಲ.

ಮೂರು ತಿಂಗಳಿಗೆ ರೇಬೀಸ್ ಚುಚ್ಚುಮದ್ದು, ಪಂಚಾಯತಿನ ಪರವಾನಗಿ. ಇಲಿಜ್ವರ, ನಾಯಿಮರಿಗಳ ವಾಂತಿಭೇದಿ ರೋಗವಾದ ಪಾರ್ವೋ ಇವುಗಳಿಗೂ ಮೃಗಾಸ್ಪತ್ರೆಯಲ್ಲಿ ಕೇಳಿ ಹಾಕಿಸಿ. ಹಂದಿ ಹೊರಳಿದ ನೀರನ್ನೇ ಕುಡಿಯುವ ನಾಯಿಗೆ ಇದು ತಪ್ಪಬಾರದು.

ಕಲಿಕೆಯಲ್ಲಿ ಮೊದಲನೆಯದು ಕರೆದಾಗ ಬರುವುದು. ಎರಡನೆಯದೂ ಅದೇ. ಆರು ತಿಂಗಳು ಬೇರೆ ಏನನ್ನೂ ಕಲಿಸಬೇಡಿ. ನಾನು ಸೀಟಿ ಊದಿದ ಕೂಡಲೇ ಅಡಿಕೆ ಹಾಳೆಯಲ್ಲಿ ಅನ್ನ ಹಾಕುತ್ತೇನೆ, ಸೀಟಿ ಇಲ್ಲದೆ ಅನ್ನವಿಲ್ಲ. ಆಮೇಲೆ ಆಟದ ನಡುವೆ, ಕೋಳಿಯನ್ನು ದಿಟ್ಟಿಸುತ್ತಿರುವಾಗ, ಇನ್ನೊಂದು ನಾಯಿ ಎದುರಾದಾಗ ಊದುವುದು. ಬಂದರೆ ಒಂದು ತುಂಡು ಒಣಮೀನು. ಬಾರದಿದ್ದರೆ ಹೊಡೆಯುವುದಲ್ಲ, ಉದ್ದ ಹಗ್ಗ ಕಟ್ಟಿ ಮತ್ತೆ ಮೊದಲಿನಿಂದ. ಹೊಡೆತ ತಿಂದ ನಾಯಿ ಸೀಟಿ ಕೇಳಿದರೆ ಅಡಗುತ್ತದೆ. ನಮ್ಮಲ್ಲಿ ಇದಕ್ಕೆ ಇನ್ನೊಂದು ಅಗತ್ಯವೂ ಇದೆ. ಹಂದಿ ತೋಡು ದಾಟಿದರೆ ಅದು ಕರ್ನಾಟಕ. ನಮ್ಮ ಅಧ್ಯಕ್ಷರ ಆದೇಶ ಗಡಿಕಲ್ಲಿನ ಆಚೆಗೆ ನಡೆಯುವುದಿಲ್ಲ. ನಾಯಿಗೆ ಗಡಿ ಗೊತ್ತಿಲ್ಲ, ಸೀಟಿ ಗೊತ್ತಿರಬೇಕು.

ವಾಸನೆ ಕಲಿಸಲು ಹಂದಿ ಬೇಕಾಗಿಲ್ಲ. ಅದು ಹೊರಳುವ ಹೊಂಡದ ಕೆಸರಿನಲ್ಲಿ ಒಂದು ಗೋಣಿಯನ್ನು ಅದ್ದಿ, ತೋಟದ ಅಂಚಿನಲ್ಲಿ ಇನ್ನೂರು ಹೆಜ್ಜೆ ಎಳೆದುಕೊಂಡು ಹೋಗಿ ಪೊದೆಯೊಳಗೆ ಬಿಡಿ. ನಾಯಿ ಮೂಗು ನೆಲಕ್ಕೆ ಹಚ್ಚಿ ಗೋಣಿಯವರೆಗೆ ಹೋಗಿ ಬೊಗಳಿದರೆ ಅಲ್ಲಿಯೇ ತಿನ್ನಲು ಕೊಡಿ. ಗೋಣಿಯನ್ನು ಕಚ್ಚಿ ಎಳೆದರೆ ಸೀಟಿ ಊದಿ ಕರೆಯಿರಿ, ಏನೂ ಕೊಡಬೇಡಿ. ಬೊಗಳಿದರೆ ಊಟ, ಕಚ್ಚಿದರೆ ಆಟ ಮುಗಿಯಿತು ಎಂಬುದು ಅದರ ತಲೆಯಲ್ಲಿ ಕೂರಬೇಕು.

ಇಲ್ಲಿಯೇ ನಾನು ತಪ್ಪಿದ್ದು. ಕರಿಯ ಬೊಳ್ಳಿಗಿಂತ ಚುರುಕಾಗಿದ್ದ. ಎಳೆಯವನಿದ್ದಾಗ ಹೆಗ್ಗಣ ಕಂಡರೆ ‘ಹಿಡಿ, ಹಿಡಿ’ ಎಂದು ಹುರಿದುಂಬಿಸುತ್ತಿದ್ದೆ, ಅವನು ಹಿಡಿದು ತಂದು ಕಾಲ ಬುಡದಲ್ಲಿ ಹಾಕುತ್ತಿದ್ದ. ಮೂರು ವರ್ಷಗಳ ಹಿಂದೆ, ತುಲಾ ತಿಂಗಳ ಒಂದು ಬೆಳಿಗ್ಗೆ, ಒಂಟಿ ಗಂಡುಹಂದಿಯೊಂದು ತೋಡಿನ ಕೇದಗೆ ಪೊದೆಯಲ್ಲಿ ನಿಂತಿತ್ತು. ಬೊಳ್ಳಿ, ದಾಸು ಎರಡೂ ಹತ್ತು ಹೆಜ್ಜೆ ದೂರದಿಂದ ಬೊಗಳುತ್ತಿದ್ದವು. ಹಂದಿ ಪೊದೆಯ ಹಿಂದಿನಿಂದ ಜಾರುತ್ತಿದೆ ಎಂದು ಕಂಡಾಗ ನನ್ನ ಬಾಯಿಯಿಂದ ‘ಹಿಡಿ’ ಎಂಬ ಮಾತು ಹೊರಟಿತು. ಯಾರಿಗೆಂದು ಹೇಳಿದೆನೋ ನನಗೂ ತಿಳಿಯದು. ಕರಿಯ ಹೋಗಿ ಕಿವಿ ಹಿಡಿದ. ಹಂದಿ ತಲೆಯನ್ನು ಒಮ್ಮೆ ಕೆಳಗಿನಿಂದ ಮೇಲಕ್ಕೆ ಎತ್ತಿತು, ಅಷ್ಟೇ. ಪಕ್ಕೆಲುಬಿನಿಂದ ತೊಡೆಸಂದಿನವರೆಗೆ ಕತ್ತಿಯಲ್ಲಿ ಸೀಳಿದ ಹಾಗೆ. ಅವನು ನನ್ನ ಕಡೆಗೆ ನಡೆದುಕೊಂಡೇ ಬಂದ, ಕಾಲ ಬುಡದಲ್ಲಿ ಕುಳಿತ. ಆಸ್ಪತ್ರೆಗೆ ತಲುಪುವ ಮೊದಲೇ ಜೀವ ಹೋಯಿತು. ಅವನು ಹೇಳಿದ್ದನ್ನು ಮಾಡಿದ್ದ. ನಮ್ಮ ಮನೆಯಲ್ಲಿ ಈಗ ಮಕ್ಕಳೂ ನಾಯಿಗಳ ಎದುರು ಆ ಶಬ್ದ ಆಡುವುದಿಲ್ಲ. ‘ನೋಡು’ ಎನ್ನುತ್ತೇವೆ.

ಹೊರಡುವ ದಿನದ ಕೆಲಸ ನಸುಕಿಗೇ ಶುರು. ನಾಯಿ ಇಲ್ಲದೆ, ಒಬ್ಬನೇ, ಗದ್ದೆಯ ಕಟ್ಟಪುಣಿಯ (ಬದುವಿನ) ಮೇಲೆ ನಡೆದು ನೋಡಿ. ಹಂದಿಯ ಹೆಜ್ಜೆಯಲ್ಲಿ ಎರಡು ಗೊರಸಿನ ಹಿಂದೆ, ಸ್ವಲ್ಪ ಹೊರಗೆ, ಎರಡು ಚುಕ್ಕೆ ಕಾಣುತ್ತದೆ. ಆ ಚುಕ್ಕೆಗಳು ಆಳವಾಗಿದ್ದರೆ ಭಾರದ ಹಂದಿ. ಹೆಜ್ಜೆಯೊಳಗೆ ನಿಂತ ನೀರು ಕದಡಿಯೇ ಇದ್ದರೆ ಅದು ಹೋಗಿ ಹೆಚ್ಚು ಹೊತ್ತಾಗಿಲ್ಲ, ತಿಳಿಯಾಗಿದ್ದರೆ ರಾತ್ರಿಯೇ ಹೋಗಿದೆ. ಅಡಿಕೆ ಬುಡದಲ್ಲಿ ಎರೆಹುಳಕ್ಕೆಂದು ಮೂತಿಯಿಂದ ಅಗೆದ ಮಣ್ಣನ್ನು ಅಂಗೈಯಲ್ಲಿ ಹಿಸುಕಿ ನೋಡಿ, ಹರಿದ ಬೇರಿನ ತುದಿ ಬಿಳಿಯೋ ಕಂದೋ ನೋಡಿ. ಹೊರಳಿದ ಮೇಲೆ ಮೈ ಉಜ್ಜಿದ ಮರದಲ್ಲಿ ಕೆಸರು ಎಷ್ಟು ಎತ್ತರಕ್ಕಿದೆ ಎಂಬುದು ಹಂದಿಯ ಎತ್ತರ. ನನ್ನ ಮೊಣಕಾಲಿಗಿಂತ ಮೇಲೆ ದಪ್ಪ ಕೆಸರು, ಪಕ್ಕದಲ್ಲಿ ಕೋರೆ ತಾಗಿದ ಗೀರು ಕಂಡರೆ ಅದು ಒಂಟಿ ಗಂಡು. ಅಂದು ದಾಸುವನ್ನು ಮನೆಯಲ್ಲಿ ಕಟ್ಟಿ ಬೊಳ್ಳಿಯೊಬ್ಬಳನ್ನೇ ಒಯ್ಯುತ್ತೇನೆ. ಸಣ್ಣ ಸಣ್ಣ ಹೆಜ್ಜೆಗಳು ಜೊತೆಗಿದ್ದರೆ ಮರಿಗಳಿರುವ ತಾಯಿ. ಅಂದು ನಾಯಿ ಹೊರಡುವುದೇ ಇಲ್ಲ.

ಇದೇ ಸುತ್ತಿನಲ್ಲಿ ಉರುಳುಗಳನ್ನೂ ಹುಡುಕಬೇಕು. ಸೈಕಲ್ ಬ್ರೇಕಿನ ತಂತಿಯ ಉರುಳನ್ನು ಕದ್ದು ಇಡುವವರು ಇದ್ದಾರೆ, ಅದು ಹಂದಿ ಯಾವುದು, ನಾಯಿ ಯಾವುದು ಎಂದು ಕೇಳುವುದಿಲ್ಲ. ಕಿಸೆಯಲ್ಲಿ ಕಟ್ಟಿಂಗ್ ಪ್ಲಯರ್ ಇಲ್ಲದೆ ನಾನು ನಾಯಿಯೊಂದಿಗೆ ಗುಡ್ಡೆಗೆ ಹೋಗುವುದಿಲ್ಲ. ಕೊಬ್ಬು ಸವರಿದ ಸಿಡಿಮದ್ದಿನ ಉಂಡೆಗಳಂತೂ ಇನ್ನೂ ಕ್ರೂರ. ನೆಲದಲ್ಲಿ ಬಿದ್ದದ್ದನ್ನು ತಿನ್ನಬಾರದು ಎಂಬುದನ್ನು ನಾಯಿಗೆ ಮನೆಯ ಅಂಗಳದಲ್ಲಿಯೇ ಕಲಿಸಿರಬೇಕು.

ಕೋವಿಯವರು ಮೊದಲು ಹೋಗಿ ಹಂದಿಯ ದಾರಿ ತೋಟದಿಂದ ಹೊರಬೀಳುವ ಕಡೆ, ಎತ್ತರದ ಜಾಗದಲ್ಲಿ ನಿಲ್ಲಬೇಕು. ಗುಂಡು ಮೇಲಿನಿಂದ ಕೆಳಕ್ಕೆ ಹೋಗಿ ಮಣ್ಣಿಗೆ ತಾಗುವ ಹಾಗಿರಬೇಕು, ಹಿಂದೆ ಮನೆಯಾಗಲಿ ದಾರಿಯಾಗಲಿ ಇರಬಾರದು. ಸುತ್ತಿನ ಮನೆಯವರಿಗೆ ಫೋನು ಮಾಡಿ, ಹಾಲು ತರಲು ಹೋಗುವ ಮಕ್ಕಳು ಅತ್ತ ಬಾರದ ಹಾಗೆ ಹೇಳಿ. ನಾಯಿಯ ಕೊರಳಿಗೆ ಕೇಸರಿ ಬಟ್ಟೆ ಕಟ್ಟುತ್ತೇನೆ, ಮಣ್ಣಿನ ಬಣ್ಣದ ನಾಯಿ ಪೊದೆಯಲ್ಲಿ ಹಂದಿಯಂತೆಯೇ ಕಾಣುತ್ತದೆ. ಆಮೇಲೆ ಗಾಳಿ ನಮ್ಮ ಮುಖಕ್ಕೆ ಬೀಸುವ ಕಡೆಯಿಂದ ನಾಯಿಯನ್ನು ಬಿಡಬೇಕು. ಬೊಳ್ಳಿ ವಾಸನೆ ಹಿಡಿದು ಹೋಗುವಾಗ ಸದ್ದಿಲ್ಲ, ಹಂದಿಯ ಎದುರು ನಿಂತಾಗ ಮಾತ್ರ ಒಂದೇ ಸಮನೆ ಬೊಗಳುತ್ತಾಳೆ. ಅದು ಕೇಳಿದ ಮೇಲೆ ನಾನು ಸೀಟಿ ಊದಿ ಅವಳನ್ನು ಹಿಂದಕ್ಕೆ ಕರೆಯುತ್ತೇನೆ. ಬೆನ್ನು ಬಿಟ್ಟಿತೆಂದು ಹಂದಿ ತನ್ನ ಹಳೆಯ ದಾರಿಯನ್ನೇ ಹಿಡಿದು ಹೊರಡುತ್ತದೆ, ಕೋವಿ ಇರುವ ಕಡೆಗೆ. ನಾಯಿ ನನ್ನ ಕೈಯಲ್ಲಿದೆ ಎಂದು ಕೂಗಿ ಹೇಳುವವರೆಗೆ ಗುಂಡು ಹಾರಿಸಬಾರದು ಎಂಬುದು ನಮ್ಮ ಕರಾರು. ಇದನ್ನು ಒಪ್ಪದ ಕೋವಿಯವರ ಜೊತೆ ನಾನು ಹೋಗುವುದಿಲ್ಲ, ಅವರು ಎಷ್ಟು ದೊಡ್ಡ ಮನುಷ್ಯರಾದರೂ.

ನಾಯಿಯಿಂದಲೇ ಹಂದಿ ಮುಗಿಯುತ್ತದೆ ಎಂದು ಯಾರೂ ನಂಬಬೇಡಿ. ಹೆಣ್ಣುಹಂದಿಯ ಗರ್ಭ ನಾಲ್ಕು ತಿಂಗಳೂ ಇಲ್ಲ, ಸುಮಾರು 115 ದಿನ. ಒಂದು ಸಲಕ್ಕೆ ನಾಲ್ಕಾರು ಮರಿ. ಹಂದಿಗಳ ಸಂಖ್ಯೆ ಏರದಿರಬೇಕಾದರೆ ವರ್ಷಕ್ಕೆ ಮೂರರಲ್ಲಿ ಎರಡು ಪಾಲನ್ನು ತೆಗೆಯಬೇಕು ಎಂದು ಟೆಕ್ಸಾಸಿನವರ ಲೆಕ್ಕ. ಬೇಲಿ ಗಟ್ಟಿಯಿದ್ದು, ತೋಟದ ಪಕ್ಕದ ಪೊದೆ ಸವರಿ, ಬಿದ್ದ ಹಲಸು, ಗೇರುಹಣ್ಣನ್ನು ಹೆಕ್ಕಿದ ಮೇಲೂ ಬಿಡದೆ ಬರುವ ಒಂದೆರಡು ಹಂದಿಗಳಿರುತ್ತವಲ್ಲ, ಕಾದು ಕುಳಿತ ಕೋವಿಗೆ ಸಿಗದಂಥ ಜಾಣ ಹಂದಿಗಳು, ಅವಕ್ಕೆ ನಾಯಿ ಬೇಕು. ರಾತ್ರಿ ತೋಟದ ಕೆಳತುದಿಯಲ್ಲಿ ಮಲಗುವ ನಾಯಿಯಿಂದ ಉಳಿದ ಬೆಳೆ, ಬೇಟೆಯಿಂದ ಉಳಿದದ್ದಕ್ಕಿಂತ ನನಗೆ ಹೆಚ್ಚು.

ಗಾಯವಾದರೆ ಅರಸಿನ, ಕಾಫಿಪುಡಿ ತುಂಬಬೇಡಿ. ಕರುಳು ಹೊರಬಂದಿದ್ದರೆ ಒಳಗೆ ತುರುಕಬೇಡಿ. ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಶುದ್ಧ ಬಟ್ಟೆ ಸುತ್ತಿ, ಮೇಲೆ ಪಂಚೆ ಬಿಗಿದು, ಅಲುಗದಂತೆ ಆಸ್ಪತ್ರೆಗೆ ಒಯ್ಯಿರಿ. ಆ ನೀರನ್ನು ಬಾಟಲಿಯಲ್ಲಿ ಹಾಕಿಕೊಂಡೇ ಹೊರಡಬೇಕು. ಗಾಯವೇ ಇಲ್ಲವೆಂದು ಕಂಡರೂ ಮೈಯೆಲ್ಲ ಕೂದಲ ಎದುರುಗಡೆಗೆ ತಡವಿ ನೋಡಿ. ಕೋರೆ ಚುಚ್ಚಿದ ತೂತು ಕಡಲೆಯಷ್ಟು ಇರುತ್ತದೆ, ಒಳಗೆ ಬೆರಳುದ್ದ ಹೋಗಿರುತ್ತದೆ, ಎರಡು ದಿನದಲ್ಲಿ ಕೀವು.

ಮೈಮೇಲೆ ಗಾಯವಿಲ್ಲದೆ ಸತ್ತು ಬಿದ್ದ ಹಂದಿ ಕಂಡರೆ ನಾಯಿಯನ್ನು ಹತ್ತಿರ ಬಿಡದೆ ಇಲಾಖೆಗೆ ತಿಳಿಸಿ. 2022ರಲ್ಲಿ ವಯನಾಡಿನ ಮಾನಂತವಾಡಿಯಲ್ಲಿ ಆಫ್ರಿಕನ್ ಹಂದಿ ಜ್ವರ ಕಂಡದ್ದು ನೆನಪಿರಲಿ. ಅದು ಮನುಷ್ಯರಿಗೂ ನಾಯಿಗೂ ತಗಲುವುದಿಲ್ಲ, ಆದರೆ ನಮ್ಮ ಚಪ್ಪಲಿಯಲ್ಲಿ, ನಾಯಿಯ ಕಾಲಿನಲ್ಲಿ ಹಂದಿ ಸಾಕಿದವರ ಗೂಡಿಗೆ ಹೋಗಬಲ್ಲದು.

ಹೂಳುವ ಕೆಲಸ ಮುಗಿಯುವವರೆಗೆ ನಾಯಿಗಳನ್ನು ದೂರ ಕಟ್ಟಿರುತ್ತೇನೆ, ಒಂದು ತುಂಡು ಹಸಿ ಮಾಂಸವೂ ಅವುಗಳ ಬಾಯಿಗೆ ಬೀಳಬಾರದು. ಮನೆಗೆ ಬಂದು ಬಿಸಿನೀರಿನಲ್ಲಿ ಮೀಯಿಸಿ, ಬೆರಳ ಸಂದಿಯ ಉಣ್ಣಿಗಳನ್ನು ಚಿಮುಟದಲ್ಲಿ ತೆಗೆದು, ಮೂಗಿನ ಹೊಳ್ಳೆಯಲ್ಲಿ ಜಿಗಣೆ ಸೇರಿದೆಯೇ ಎಂದು ಟಾರ್ಚು ಹಿಡಿದು ನೋಡುತ್ತೇನೆ. ಆಮೇಲೆ ಸೀಟಿ ಊದಿ, ಹಾಳೆಯಲ್ಲಿ ಅನ್ನ.